‘ಮಜಾ ಟಾಕೀಸ್’ನ ವರಲಕ್ಷ್ಮಿ ಪಾತ್ರ ಮಾಡಿದ ಅಪರ್ಣಾ ಮೊದಲಿನಿಂದಲೂ ಹಾಸ್ಯನಟಿಯೇ?

ಇಲ್ಲ. ಅವರು ಹಾಸ್ಯಕ್ಕೆ ಬಂದದ್ದೇ ತಡವಾಗಿ, 2015ರಲ್ಲಿ, ಸೃಜನ್ ಲೋಕೇಶ್ ಅವರ ಟಿವಿ ಹಾಸ್ಯ ಕಾರ್ಯಕ್ರಮ ‘ಮಜಾ ಟಾಕೀಸ್’ ಶುರುವಾದಾಗ. ಹಳೆಯ ಕಂತುಗಳನ್ನು ಈಗಷ್ಟೇ ನೋಡುತ್ತಿದ್ದೇನೆ ಎಂದು ಬರೆದಿದ್ದೀರಿ, ಹಾಗಾಗಿ ನಿಮಗೆ ಮೊದಲು ಸಿಕ್ಕಿದ್ದು ವರಲಕ್ಷ್ಮಿ. ನನ್ನ ವಯಸ್ಸಿನವರಿಗೆ ಅಪರ್ಣಾ ಅಂದರೆ ಮೊದಲು ನೆನಪಾಗುವುದು ದೂರದರ್ಶನ ಚಂದನದ ನಿರೂಪಕಿ. ಮನೆಯಲ್ಲಿ ಟಿವಿ ಹಾಕಿಟ್ಟು ಒಳಗೆ ಕೆಲಸ ಮಾಡುತ್ತಿದ್ದವರಿಗೂ ಮಾತಾಡುತ್ತಿರುವುದು ಯಾರೆಂದು ಗೊತ್ತಾಗುತ್ತಿತ್ತು.

ಹುಟ್ಟಿದ್ದು 1966ರಲ್ಲಿ, ಊರು ಕಡೂರು ತಾಲ್ಲೂಕಿನ ಪಂಚನಹಳ್ಳಿ. ಬಣ್ಣ ಹಚ್ಚಿದ್ದು ಪುಟ್ಟಣ್ಣ ಕಣಗಾಲರ ‘ಮಸಣದ ಹೂವು’ ಚಿತ್ರದಲ್ಲಿ, ಅಂಬರೀಶ್, ಜಯಂತಿ ಅವರಂಥ ಕಲಾವಿದರ ಜೊತೆ. ಅಂಥ ನಿರ್ದೇಶಕರ ಕೈಯಲ್ಲಿ ಮೊದಲ ಪಾತ್ರ ಸಿಕ್ಕರೂ ಸಿನಿಮಾ ಅವರ ದಾರಿಯಾಗಲಿಲ್ಲ. ಅವರನ್ನು ಹಿಡಿದಿಟ್ಟುಕೊಂಡದ್ದು ಮೈಕು. ಆಕಾಶವಾಣಿ, ವಿವಿಧ ಭಾರತಿ, ಚಂದನ, ಸರ್ಕಾರಿ ಸಮಾರಂಭಗಳು, ಹೀಗೆ ವರ್ಷಗಟ್ಟಲೆ. 1998ರ ದೀಪಾವಳಿಗೆ ಸತತ ಎಂಟು ಗಂಟೆ ನಿರೂಪಣೆ ಮಾಡಿದ್ದನ್ನು ಜನ ಇವತ್ತಿಗೂ ಹೇಳುತ್ತಾರೆ. ನಮ್ಮ ಮೆಟ್ರೊ ಹತ್ತಿದವರು ಕೇಳುವ ‘ಮುಂದಿನ ನಿಲ್ದಾಣ’ದ ಕನ್ನಡ ದನಿಯೂ ಅವರದೇ.

ಈಗ ನಿಮ್ಮ ಪ್ರಶ್ನೆಯ ನಿಜವಾದ ತಿರುಳಿಗೆ ಬರುತ್ತೇನೆ. ನಿರೂಪಕಿಯೊಬ್ಬರು ಇದ್ದಕ್ಕಿದ್ದಂತೆ ಅಷ್ಟು ಚೆನ್ನಾಗಿ ನಗಿಸಿದ್ದು ಹೇಗೆ? ಇದ್ದಕ್ಕಿದ್ದಂತೆ ಏನೂ ಅಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ನೇರ ಕಾರ್ಯಕ್ರಮ ನಡೆಸುವವರಿಗೆ ರೀಟೇಕ್ ಇರುವುದಿಲ್ಲ. ಗಣ್ಯರು ಬರುವುದು ತಡವಾದರೆ, ಮೈಕು ಕೈಕೊಟ್ಟರೆ, ಗಾಯಕರು ಇನ್ನೂ ಶ್ರುತಿ ಹಿಡಿಯುತ್ತಿದ್ದರೆ, ಸಭೆ ಗದ್ದಲವಾಗದ ಹಾಗೆ ಮಾತಿನಲ್ಲೇ ಕೂರಿಸಿಕೊಳ್ಳಬೇಕು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಪದದ ಮೇಲೆ ಒತ್ತು ಬೀಳಬೇಕು, ಚಪ್ಪಾಳೆ ಮುಗಿಯುವ ಮುನ್ನ ಯಾವ ಗಳಿಗೆಯಲ್ಲಿ ಮುಂದಿನ ವಾಕ್ಯ ಎತ್ತಬೇಕು ಎಂಬುದೆಲ್ಲ ಮೈಗೆ ಹತ್ತಿರಬೇಕು. ಹಾಸ್ಯದಲ್ಲಿ ಟೈಮಿಂಗ್ ಅನ್ನುತ್ತಾರಲ್ಲ, ಅದು ಇದೇ.

ವರಲಕ್ಷ್ಮಿ ಎಂಥವಳು ನೋಡಿ. ಪೆದ್ದುಪೆದ್ದಾದ, ತನ್ನನ್ನು ತಾನೇ ಹೊಗಳಿಕೊಳ್ಳುವ, ‘ಒನ್ ಆ್ಯಂಡ್ ಓನ್ಲಿ’ ಎಂದು ಮೆರೆಯುವ ಹೆಂಗಸು. ಅಪರ್ಣಾ ತಮ್ಮ ನಿರೂಪಣೆಯಲ್ಲಿ ಕಾಪಾಡಿಕೊಂಡು ಬಂದಿದ್ದ ಗಾಂಭೀರ್ಯಕ್ಕೆ ಪೂರ್ತಿ ಉಲ್ಟಾ. ಅಪರ್ಣಾ ಕೂಡ ಹೀಗೆ ಮಾಡಬೇಕಿತ್ತೇ ಎಂದು ಆಗ ಬೇಸರಪಟ್ಟವರನ್ನು ಕಂಡಿದ್ದೇನೆ, ಅವರ ಮಾತನ್ನು ನಾನು ಒಪ್ಪುವುದಿಲ್ಲ. ಆ ಗಾಂಭೀರ್ಯ ಇದ್ದದ್ದಕ್ಕೇ ನಗು ಅಷ್ಟು ಬಂತು. ವರಲಕ್ಷ್ಮಿ ಎಷ್ಟೇ ಬಡಾಯಿ ಕೊಚ್ಚಲಿ, ಎಷ್ಟೇ ರಾಗ ಎಳೆಯಲಿ, ಒಂದಕ್ಷರವೂ ನುಂಗಿ ಹೋಗುತ್ತಿರಲಿಲ್ಲ. ಲಕಾರ ಲಕಾರವೇ, ಳಕಾರ ಳಕಾರವೇ. ಸುತ್ತ ಎಲ್ಲರೂ ಒಟ್ಟಿಗೆ ಕೂಗಾಡುತ್ತಿರುವಾಗಲೂ ಅವರ ಮಾತು ಕೊನೆಯ ಸಾಲಿನವರೆಗೆ ತಲುಪುತ್ತಿತ್ತು.

‘ಮಜಾ ಟಾಕೀಸ್’ಗೂ ಮೊದಲು ಅವರು ‘ಮೂಡಲ ಮನೆ’, ‘ಮುಕ್ತ’ ಧಾರಾವಾಹಿಗಳಲ್ಲಿ ನಟಿಸಿದರು, 2013ರಲ್ಲಿ ಕನ್ನಡ ಬಿಗ್ ಬಾಸ್‌ನ ಮೊದಲ ಸೀಸನ್‌ಗೂ ಹೋಗಿ ಬಂದರು.

ಈಗ ಅವರು ಎಲ್ಲಿದ್ದಾರೆ ಎಂದೂ ಕೇಳಿದ್ದೀರಿ. ಹೇಳಲು ಸಂಕಟವಾಗುತ್ತದೆ. 2024ರ ಜುಲೈ 11ರಂದು ಬೆಂಗಳೂರಿನಲ್ಲಿ ತೀರಿಕೊಂಡರು, ಶ್ವಾಸಕೋಶದ ಕ್ಯಾನ್ಸರ್. ಅದಕ್ಕೂ ಎರಡು ವರ್ಷ ಮೊದಲು ರೋಗ ಪತ್ತೆಯಾದಾಗಲೇ ಅದು ನಾಲ್ಕನೇ ಹಂತದಲ್ಲಿತ್ತು ಎಂದು ಅವರ ಪತಿ, ವಾಸ್ತುಶಿಲ್ಪಿ ಮತ್ತು ಬರಹಗಾರ ನಾಗರಾಜ ವಸ್ತಾರೆ, ಅಪರ್ಣಾ ಹೋದ ಮೇಲೆ ತಿಳಿಸಿದರು. ಅಲ್ಲಿಯವರೆಗೆ ನಮ್ಮಂಥ ನೋಡುಗರಿಗೆ ಅದರ ಸುಳಿವೇ ಇರಲಿಲ್ಲ. ಆ ರಾತ್ರಿ ಸುದ್ದಿ ಬಂದಾಗ ಎಷ್ಟೋ ಜನ ನಂಬಲಿಲ್ಲ, ನಾನೂ ನಂಬಲಿಲ್ಲ.

‘ಮಜಾ ಟಾಕೀಸ್’ ಮುಗಿದ ಮೇಲೆ ಅವರ ಹಳೆಯ ನಿರೂಪಣೆಯ ತುಣುಕು ಯೂಟ್ಯೂಬಿನಲ್ಲಿ ಸಿಕ್ಕರೆ ಬಿಡದೆ ನೋಡಿ. ಕಣ್ಣು ಮುಚ್ಚಿ ಕೇಳಿದರೂ ಆದೀತು.