ಅಮೆರಿಕದಲ್ಲಿ ಸರ್ಕಾರಿ ಶಾಲೆ, ಚಾರ್ಟರ್ ಶಾಲೆ ಕೈಜೋಡಿಸಿದ ಉದಾಹರಣೆ ಇದೆಯಾ?

ಇದೆ, ಡೆನ್ವರ್ ನಗರ. ಚಾರ್ಟರ್ ಅಂದರೆ ಖಾಸಗಿ ಶಾಲೆ ಅಲ್ಲ. ದುಡ್ಡು ಸರ್ಕಾರದ್ದು, ಫೀಸು ಇಲ್ಲ, ಆಡಳಿತ ಮಾತ್ರ ಬೇರೆ ಮಂಡಳಿಯದು. ಮಗು ಅಲ್ಲಿಗೆ ಹೋದರೆ ಅನುದಾನವೂ ಅದರ ಹಿಂದೆಯೇ ಹೋಗುತ್ತದೆ. ಜಗಳ ಹುಟ್ಟುವುದೇ ಇಲ್ಲಿ, ಅಲ್ವಾ?

2010ರಲ್ಲಿ ಎರಡೂ ಕಡೆಯವರು ಒಪ್ಪಂದ ಮಾಡಿಕೊಂಡರು. 2012ರಲ್ಲಿ ಎರಡೂ ಬಗೆಯ ಶಾಲೆಗಳಿಗೆ ಒಂದೇ ಅರ್ಜಿ ಬಂತು. ಅದಕ್ಕೂ ಮೊದಲು ಪೋಷಕರು ಒಂದೊಂದು ಶಾಲೆಗೂ ಬೇರೆ ಫಾರಂ, ಬೇರೆ ಕೊನೆ ದಿನಾಂಕ ಅಂತ ಒದ್ದಾಡಬೇಕಿತ್ತು. ಈಗ ಇಷ್ಟದ ಶಾಲೆಗಳನ್ನು ಒಂದು, ಎರಡು, ಮೂರು ಅಂತ ಬರೆದುಕೊಟ್ಟರೆ ಸಾಕು, ಸೀಟು ಹಂಚುವುದು ಕಂಪ್ಯೂಟರ್. ಬೇಕಾದ ಮಕ್ಕಳನ್ನಷ್ಟೇ ಹಿಂಬಾಗಿಲಿಂದ ಆರಿಸಿಕೊಳ್ಳುವ ದಾರಿ ಕಿರಿದಾಯಿತು. ನನ್ನ ಲೆಕ್ಕದಲ್ಲಿ ಇದೇ ದೊಡ್ಡ ಲಾಭ. ಕೆಲವು ಕಡೆ ಎರಡೂ ಶಾಲೆಗಳು ಒಂದೇ ಕಟ್ಟಡದಲ್ಲೂ ನಡೆಯುತ್ತಿವೆ.