ಹತ್ತಿದ್ದು ಕಾಲಲ್ಲಿ, ಇಳಿದದ್ದು ಹೆಲಿಕಾಪ್ಟರ್‌ನಲ್ಲಿ

ಎವರೆಸ್ಟ್ ಬೇಸ್ ಕ್ಯಾಂಪ್ ತನಕ ನಡೆದು ಹೋಗಿ, ವಾಪಸ್ ಹೆಲಿಕಾಪ್ಟರ್‌ನಲ್ಲಿ ಬಂದೆ ಎಂದು ಹಿಂದೊಮ್ಮೆ ಇಲ್ಲಿ ಒಂದೇ ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಇಡೀ ಲೇಖನಗಳಿಗೂ ಬಂದಿಲ್ಲ. ಈ ಸಲ ಅವುಗಳಿಗೇ ಉತ್ತರ.

ನನಗೆ 56 ವರ್ಷ. ಹತ್ತುವಾಗ ತೊಂದರೆ ಇಲ್ಲ, ಇಳಿಯುವಾಗ ಮೊಣಕಾಲು ಹಿಡಿದುಕೊಳ್ಳುತ್ತದೆ. ನಿಮ್ಮ ಹಾಗೇ ಮಾಡೋಣ ಅಂದುಕೊಂಡಿದ್ದೇನೆ. ಜೊತೆಯವರು 'ಅರ್ಧ ಟ್ರೆಕ್' ಎಂದು ನಗುತ್ತಾರೆ. ನೀವೇನು ಹೇಳುತ್ತೀರಿ? (ಹೆಸರು ಹಾಕಬೇಡಿ ಎಂದಿದ್ದಾರೆ)

ನಗಲಿ ಬಿಡಿ, ಅವರ ಮೊಣಕಾಲಿಗೂ ಒಂದು ದಿನ 56 ಆಗುತ್ತದೆ.

ನಡಿಗೆ ಶುರುವಾಗುವ ಊರು ಲುಕ್ಲಾ ಇರುವುದು ಸುಮಾರು 2,860 ಮೀಟರ್ ಎತ್ತರದಲ್ಲಿ. ಬೇಸ್ ಕ್ಯಾಂಪ್ 5,364 ಮೀಟರ್. ಹತ್ತಲು ಎಂಟು ದಿನ ಕೊಡುತ್ತಾರೆ, ಇಳಿಯಲು ಮೂರೋ ನಾಲ್ಕೋ. ಅಂದರೆ ಕಾಲಿಗೆ ನಿಜವಾದ ಪೆಟ್ಟು ಬೀಳುವುದು ವಾಪಸ್ ಬರುವಾಗಲೇ. ಅದೂ ಸೀದಾ ಇಳಿಜಾರೇನಲ್ಲ. ತೆಂಗ್‌ಬೋಚೆ ಮಠದಿಂದ ಫುಂಕಿ ತೆಂಗಾದ ನದಿಯವರೆಗೆ ಒಂದೇ ಸಮನೆ 600 ಮೀಟರ್ ಇಳಿಯಬೇಕು, ಆಮೇಲೆ ನಾಮ್ಚೆ ಕಡೆಗೆ ಮತ್ತೆ ಏರಬೇಕು. ಹೋಗುವಾಗ ನಾನು ಆ ದಿಣ್ಣೆಯನ್ನು ಏದುಸಿರು ಬಿಡುತ್ತಾ ಹತ್ತಿ, ಮೇಲೆ ನಿಂತು ಹಿಂದೆ ತಿರುಗಿ ನೋಡಿದೆ. ಕಲ್ಲು, ಧೂಳು, ಯಾಕ್ ಸಗಣಿ, ಅದರ ನಡುವೆ ಕೋಲೂರಿಕೊಂಡು ಅಡ್ಡಡ್ಡ ಇಳಿಯುತ್ತಿದ್ದ ಒಬ್ಬ ಅಜ್ಜ. ಹೆಲಿಕಾಪ್ಟರ್ ವಿಷಯವನ್ನು ಅಲ್ಲೇ ತೀರ್ಮಾನಿಸಿಬಿಟ್ಟೆ.

ಕಳೆದುಕೊಂಡದ್ದೇನು ಅಂತಲೂ ಹೇಳಬೇಕು ಅಲ್ವಾ? ಹತ್ತುವಾಗ ನಮ್ಮ ಕಣ್ಣು ಮುಂದಿನವರ ಬೂಟಿನ ಮೇಲೇ ಇರುತ್ತದೆ. ಇಳಿಯುವಾಗ ಉಸಿರು ಸಲೀಸು, ಹಸಿವು ವಾಪಸ್ ಬಂದಿರುತ್ತದೆ, ಸುತ್ತ ನೋಡಲು ಪುರುಸೊತ್ತು ಇರುತ್ತದೆ. ನನ್ನ ಜೊತೆಯ ಮೂವರು ನಡೆದೇ ಬಂದರು. ಅವರು ದಾರಿಯ ಕಥೆ ಹೇಳುವಾಗ ನನಗೆ ಈಗಲೂ ಸ್ವಲ್ಪ ಹೊಟ್ಟೆಕಿಚ್ಚು.

ವಾಪಸ್ ಹೆಲಿಕಾಪ್ಟರ್ ಇದೆಯಲ್ಲ, ಹಾಗಿದ್ದರೆ ಹತ್ತುವಾಗಲೂ ಎರಡು ದಿನ ಉಳಿಸಬಹುದಾ? ನನಗೆ ರಜೆ ಕಮ್ಮಿ. (ಬ್ಯಾಂಕ್ ಉದ್ಯೋಗಿ)

ಬೇಡ. ರಜೆ ಕಮ್ಮಿ ಇದ್ದರೆ ಬೇರೆ ಚಿಕ್ಕ ಟ್ರೆಕ್ ನೋಡಿ.

ನೀವು ಉಳಿಸಬೇಕು ಅಂತಿರುವ ಎರಡು ದಿನ ಯಾವುದು ಅಂತ ನನಗೆ ಗೊತ್ತು. ನಾಮ್ಚೆಯಲ್ಲಿ (3,440 ಮೀಟರ್) ಒಂದು, ದಿಂಗ್‌ಬೋಚೆಯಲ್ಲಿ (4,410) ಇನ್ನೊಂದು. ಪಟ್ಟಿಯಲ್ಲಿ 'ವಿಶ್ರಾಂತಿ' ಅಂತ ಬರೆದಿರುತ್ತಾರೆ, ಅದನ್ನು ನೋಡಿ ಸುಮ್ನೆ ದಿನ ದಂಡ ಅನ್ನಿಸುತ್ತದೆ. ಆದರೆ ಆ ದಿನ ಯಾರೂ ಮಲಗಿರುವುದಿಲ್ಲ. ಬೆಳಗ್ಗೆ ಇನ್ನೂ ಮೇಲಕ್ಕೆ ಹತ್ತಿ, ಸ್ವಲ್ಪ ಹೊತ್ತು ಕೂತು, ಇಳಿದು ಬಂದು ಹಳೇ ಜಾಗದಲ್ಲೇ ಮಲಗುವುದು. ಬೇಸ್ ಕ್ಯಾಂಪ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅಷ್ಟು ಕಮ್ಮಿ. ಮೈ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದರದ್ದೇ ವೇಗದಲ್ಲಿ. 3,000 ಮೀಟರ್ ದಾಟಿದ ಮೇಲೆ, ಮಲಗುವ ಜಾಗ ಹಿಂದಿನ ರಾತ್ರಿಗಿಂತ 500 ಮೀಟರ್‌ಗಿಂತ ಜಾಸ್ತಿ ಎತ್ತರದಲ್ಲಿ ಇರಬಾರದು ಎನ್ನುತ್ತಾರೆ ವೈದ್ಯರು. ಮೈ ಹೊಂದಿಕೊಳ್ಳಲು ಮಾತ್ರೆಯೂ ಇದೆ, ಡಯಾಮಾಕ್ಸ್ ಅಂತ. ನನಗೆ ಅದರಿಂದ ಬೆರಳು ಜುಮ್ ಎನ್ನುತ್ತಿತ್ತು, ರಾತ್ರಿ ಚಳಿಯಲ್ಲಿ ಮೂರು ಸಲ ಎದ್ದು ಹೋಗಬೇಕಾಗುತ್ತಿತ್ತು. ನಿಮ್ಮ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ.

ನನಗೆ ಭಯ ಇರುವುದು ನಿಮ್ಮ ಪತ್ರದ ಆ 'ಹೆಲಿಕಾಪ್ಟರ್ ಇದೆಯಲ್ಲ' ಎಂಬ ಮಾತಿನ ಬಗ್ಗೆ. ಅದು ರಾತ್ರಿ ಬರುವುದಿಲ್ಲ. ಮೋಡ ಕವಿದರೆ ಬರುವುದಿಲ್ಲ, ಅಲ್ಲಿ ಮಧ್ಯಾಹ್ನದ ಹೊತ್ತಿಗೆ ಮೋಡ ಏಳುವುದು ಮಾಮೂಲು. ತಲೆನೋವು, ವಾಂತಿ ಇದ್ದರೆ ಮೇಲೆ ಹೋಗಬೇಡಿ. ಕುಡಿದವರ ಹಾಗೆ ತೂರಾಡಿದರೆ, ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದರೆ, ಆ ಗಳಿಗೆಯಲ್ಲೇ ಕೆಳಕ್ಕೆ ಹೊರಡಬೇಕು. ಕತ್ತಲಾಗಿದ್ದರೂ, ಯಾರಾದರೂ ಹೊತ್ತುಕೊಂಡಾದರೂ. ದಾರಿಯ ಫೆರಿಚೆ ಹಳ್ಳಿಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಕ್ಲಿನಿಕ್ ಇದೆ. ಸೀಸನ್‌ನಲ್ಲಿ ವೈದ್ಯರೇ ಮಧ್ಯಾಹ್ನ ಕೂರಿಸಿಕೊಂಡು ಇದನ್ನೆಲ್ಲ ಹೇಳಿಕೊಡುತ್ತಾರೆ, ತಪ್ಪಿಸಬೇಡಿ.

ಬೇಸ್ ಕ್ಯಾಂಪ್‌ನಲ್ಲಿ ನಿಂತರೆ ಎವರೆಸ್ಟ್ ಕಾಣುತ್ತದಾ? (ಪಿಯುಸಿ ವಿದ್ಯಾರ್ಥಿನಿ)

ತುದಿ ಕಾಣುವುದಿಲ್ಲ ಮರಿ. ಪಕ್ಕದ ಬೆಟ್ಟಗಳು ಅಡ್ಡ ಬರುತ್ತವೆ. ಅಲ್ಲಿ ಕಾಣುವುದು ಖುಂಬು ಐಸ್‌ಫಾಲ್‌ನ (ಕಡಿದಾದ ಇಳಿಜಾರಿನಲ್ಲಿ ಒಡೆದು ನಿಂತ ಹಿಮನದಿ) ನೀಲಿ ಮಂಜುಗಡ್ಡೆ, ಕಲ್ಲುರಾಶಿ, ಫೋಟೋಗೆ ಕ್ಯೂ. ಎವರೆಸ್ಟ್ ನೋಡಬೇಕೆಂದರೆ ಬೇಸ್ ಕ್ಯಾಂಪ್‌ಗೆ ಮುಂಚಿನ ಕೊನೆಯ ತಂಗುದಾಣ ಗೋರಕ್ ಶೆಪ್‌ನಿಂದ ಬೆಳಗಿನ ಜಾವ ಎದ್ದು ಕಾಲಾ ಪತ್ಥರ್ ಎಂಬ ಬೆಟ್ಟ ಹತ್ತಬೇಕು.

ಹೆಲಿಕಾಪ್ಟರ್ ಖರ್ಚನ್ನು ಇನ್ಶೂರೆನ್ಸ್ ಕೊಡುತ್ತದೆ ಎಂದು ಟ್ರೆಕ್ ಏಜೆಂಟ್ ಹೇಳುತ್ತಿದ್ದಾರೆ. ನಂಬಬಹುದಾ? (ನಿವೃತ್ತ ಶಿಕ್ಷಕರು)

ಮೇಷ್ಟ್ರೇ, ಕಾಯಿಲೆ ಬಿದ್ದರೆ ಕೊಡುತ್ತದೆ. ಕಾಲು ನೋವು, ಸುಸ್ತು, ಸಾಕಾಯ್ತು ಅಂತ ಹತ್ತಿದರೆ ಕೊಡುವುದಿಲ್ಲ. ಅದು ನಮ್ಮ ಜೇಬಿನದ್ದೇ.

ಲೊಬುಚೆಯ ಲಾಡ್ಜ್‌ನಲ್ಲಿ ಒಲೆ ಸುತ್ತ ಕೂತಿದ್ದಾಗ ನನಗೂ ಒಬ್ಬರು ಪಕ್ಕಕ್ಕೆ ಬಂದು ಹೇಳಿದರು: "ತಲೆನೋವು ಜೋರಾಗಿದೆ ಅಂತ ಹೇಳಿ ಮೇಡಂ ಸಾಕು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ." ತಲೆ ನೋಯುತ್ತಿರಲಿಲ್ಲ, ಹಾಗಾಗಿ ಹೇಳಲಿಲ್ಲ. ಇದು ಹೊಸ ಆಟವಲ್ಲ. 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ಮಾಡಿಸಿತು. ಚೆನ್ನಾಗಿದ್ದವರನ್ನೂ ಹೆದರಿಸಿ ಹೆಲಿಕಾಪ್ಟರ್ ಹತ್ತಿಸುವುದು, ನಾಲ್ವರನ್ನು ಒಂದೇ ಸಲ ಕರೆತಂದು ನಾಲ್ಕು ಬೇರೆ ಬೇರೆ ಬಿಲ್ ಹಾಕುವುದು, ಇಂಥದ್ದೆಲ್ಲ ಹೊರಬಿತ್ತು.

ಪಾಲಿಸಿ ಕಾಗದವನ್ನು ನೀವೇ ಓದಿ. ಎಷ್ಟು ಎತ್ತರದವರೆಗೆ ಅನ್ವಯ ಎಂದು ಬರೆದಿರುತ್ತದೆ. ಕಾಲಾ ಪತ್ಥರ್ 5,500 ಮೀಟರ್ ದಾಟುವುದರಿಂದ 6,000 ಮೀಟರ್ ಇರಲೇಬೇಕು. ಹೆಲಿಕಾಪ್ಟರ್ ಪದ ಇದೆಯಾ ನೋಡಿ. ಹೆಲಿಕಾಪ್ಟರ್ ಹೊರಡುವ ಮೊದಲೇ ಕಂಪನಿಗೆ ಫೋನ್ ಮಾಡಿ ಒಪ್ಪಿಗೆ ಪಡೆಯಬೇಕಾ ಎಂದೂ ನೋಡಿ, ಹಣ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಅಲ್ಲೇ. ಆ ನಂಬರ್ ಗೈಡ್ ಬಳಿಯೂ ಇರಲಿ.

ಪ್ರಯಾಣ ಹೇಗಿರುತ್ತದೆ? ಬ್ಯಾಗ್ ಜೊತೆಗೇ ಬರುತ್ತದಾ? (ಒಬ್ಬ ಗೃಹಿಣಿ)

ನಾನು ಅಂದುಕೊಂಡದ್ದು ಗೋರಕ್ ಶೆಪ್‌ನಲ್ಲಿ ಹತ್ತಿದರೆ ಲುಕ್ಲಾದಲ್ಲಿ ಇಳಿಯುವುದು ಅಂತ. ಹಾಗಾಗಲಿಲ್ಲ. ಅಷ್ಟು ಎತ್ತರದಲ್ಲಿ ಗಾಳಿ ತೆಳು, ರೆಕ್ಕೆಗೆ ಹಿಡಿತ ಸಿಗುವುದಿಲ್ಲ. ಕೆಳಗೆ ಐದು ಜನರನ್ನು ಹೊರುವ ಹೆಲಿಕಾಪ್ಟರ್ ಅಲ್ಲಿ ಎರಡು ಮೂರು ಜನರನ್ನಷ್ಟೇ ಎತ್ತುತ್ತದೆ. ಹಾಗಾಗಿ ಇಬ್ಬರಿಬ್ಬರನ್ನೇ ಫೆರಿಚೆಗೆ ತಂದು ಇಳಿಸಿ, ಎಲ್ಲರೂ ಸೇರಿದ ಮೇಲೆ ಅಲ್ಲಿಂದ ಹೊರಟರು. ಮೊದಲು ತೂಕ ಕೇಳಿದರು. ನಾನು ನಾಲ್ಕು ಕೆಜಿ ಕಮ್ಮಿ ಹೇಳಿದೆ. ಪೈಲಟ್ ನನ್ನನ್ನೂ ನನ್ನ ಜಾಕೆಟ್ಟನ್ನೂ ನೋಡಿ, ಏನೂ ಹೇಳದೆ ಬ್ಯಾಗನ್ನು ಮುಂದಿನ ಸುತ್ತಿಗೆ ತಳ್ಳಿದರು. ನೀವು ನಿಜ ಹೇಳಿ.

ಎಂಜಿನ್ ಆಫ್ ಮಾಡುವುದಿಲ್ಲ. ರೆಕ್ಕೆ ತಿರುಗುತ್ತಿರುವಾಗಲೇ ಬಗ್ಗಿಕೊಂಡು, ಪೈಲಟ್‌ಗೆ ಕಾಣುವ ಹಾಗೆ ಮುಂದಿನಿಂದ ಹೋಗಬೇಕು, ಹಿಂದಿನ ಬಾಲದ ಕಡೆ ಹೋಗಲೇಬಾರದು. ಟೋಪಿ ಕೈಯಲ್ಲಿ ಹಿಡಿದುಕೊಳ್ಳಿ. ಪಾಸ್‌ಪೋರ್ಟ್, ದುಡ್ಡು, ಔಷಧಿ ಜೇಬಿನಲ್ಲೇ ಇರಲಿ. ಬಾಗಿಲು ಹಾಕಿದ ತಕ್ಷಣ ಹೊಟ್ಟೆ ಧಸಕ್ ಎನ್ನುತ್ತದೆ, ಕಿವಿ ಗುಂಯ್ ಎನ್ನುತ್ತದೆ. ಅಷ್ಟರಲ್ಲಿ ನಿನ್ನೆ ಇಡೀ ದಿನ ನಡೆದ ದಾರಿ ಕಾಲ ಕೆಳಗೆ ಜಾರಿ ಹೋಗಿರುತ್ತದೆ. ಇಂಥದ್ದೇ ಸೀಟು ಬೇಕು ಅಂತ ಜಗಳ ಆಡಬೇಡಿ, ಎಲ್ಲಿ ಕೂರಿಸುವುದು ಎಂದು ತೂಕ ನೋಡಿ ಅವರೇ ಹೇಳುತ್ತಾರೆ.

ನನ್ನ ಬ್ಯಾಗ್ ಒಂದೂವರೆ ಗಂಟೆ ತಡವಾಗಿ ಲುಕ್ಲಾ ತಲುಪಿತು. ಅದರ ಹೊರಗೆ ಸಿಕ್ಕಿಸಿದ್ದ ಎರಡು ವಾಕಿಂಗ್ ಕೋಲು ಮಾತ್ರ ಬರಲಿಲ್ಲ. ನೀವು ಕೋಲು ಮಡಚಿ ಒಳಗೇ ಇಟ್ಟುಬಿಡಿ.