ಮುದ್ದೆ ತಿಂದ್ರೂ ಶುಗರ್ ಯಾಕೆ ಇಳೀತಿಲ್ಲ?

ಪ್ರಶ್ನೆ: ಡಾಕ್ಟ್ರೇ, ನಂಗೆ 44 ವರ್ಷ, ತುಮಕೂರು ಹತ್ರ ಊರು. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರ್ಸೋ ಟೆಸ್ಟ್) 6.1 ಬಂತು, ಪ್ರೀಡಯಾಬಿಟಿಸ್, ಅಂದ್ರೆ ಶುಗರ್ ಕಾಯಿಲೆಗೆ ಮುಂಚಿನ ಹಂತ ಅಂದ್ರು. ಅವತ್ತಿಂದ ಅನ್ನ ಬಿಟ್ಟು ಎರಡು ಹೊತ್ತೂ ಮುದ್ದೇನೇ. ಆರು ತಿಂಗಳಾದ್ರೂ ಅಷ್ಟೇ ಇದೆ, ಯಾಕೆ?

ಉತ್ತರ: ಮೊದ್ಲು ಮುದ್ದೆ ಸೈಜ್ ಹೇಳಿ! ನಮ್ಮ ಕಡೆ ಅದು ಕ್ರಿಕೆಟ್ ಬಾಲ್‌ಗಿಂತ ದಪ್ಪಾನೇ ಇರುತ್ತೆ. 100 ಗ್ರಾಂ ರಾಗಿ ಹಿಟ್ಟಲ್ಲಿ ಹತ್ತತ್ರ 70 ಗ್ರಾಂ ಕಾರ್ಬ್ (ಹೆಚ್ಚಾಗಿ ಪಿಷ್ಟಾನೇ), ಪ್ರೋಟೀನ್ ಬರೀ 7. ನಾರು, ಕ್ಯಾಲ್ಸಿಯಂ ಚೆನ್ನಾಗಿದೆ ನಿಜ, ಆದ್ರೆ ಪಿಷ್ಟ ಪಿಷ್ಟಾನೇ ಅಲ್ವಾ. 2025ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಅನ್ನೋ ದೇಶವ್ಯಾಪಿ ಶುಗರ್ ಕಾಯಿಲೆ ಅಧ್ಯಯನದ ಪ್ರಕಾರ ನಮ್ಮ ದೇಶದವರ ಕ್ಯಾಲೊರಿಲಿ ಸುಮಾರು 62% ಕಾರ್ಬಿಂದಾನೇ ಬರೋದು, ಅದನ್ನ ಕಮ್ಮಿ ಮಾಡ್ದೆ ಅನ್ನದ ಜಾಗಕ್ಕೆ ಗೋಧಿನೋ ಸಿರಿಧಾನ್ಯನೋ ತಂದಿಟ್ರೆ ಶುಗರ್ ಬರೋ ರಿಸ್ಕ್ ಇಳಿದಿಲ್ಲ, ಅದೇ ಕ್ಯಾಲೊರಿಲಿ 5%ರಷ್ಟು ಕಾರ್ಬ್ ತೆಗೆದು ಬೇಳೆಕಾಳು, ಹಾಲು-ಮೊಸರಿನ ಪ್ರೋಟೀನ್ ಸೇರಿಸಿ ಲೆಕ್ಕ ಹಾಕಿದ್ರೆ ಇಳಿದಿದೆ.

ಅದಕ್ಕೆ ಮುದ್ದೆ ಬಿಡ್ಬೇಡಿ, ಅರ್ಧ ಮಾಡಿ. ಬಸ್ಸಾರು ಮಾಡ್ದಾಗ ಬಸಿದ ಕಾಳು-ಸೊಪ್ಪಿನ ಪಲ್ಯ ಒಂದು ಬಟ್ಟಲು ತುಂಬ ಮೊದ್ಲು ತಿನ್ನಿ, ಆಮೇಲೆ ಮುದ್ದೆ ಮುರೀರಿ, ಹೀಗೆ ತಿಂದ್ರೆ ಶುಗರ್ ನಿಧಾನಕ್ಕೆ ಏರುತ್ತೆ, ಹೊಟ್ಟೆನೂ ಬೇಗ ತುಂಬುತ್ತೆ. ಮೊಟ್ಟೆ ತಿನ್ನೋರಾದ್ರೆ ಒಂದ್ರಲ್ಲಿ 6 ಗ್ರಾಂ ಪ್ರೋಟೀನ್ ಸಿಗುತ್ತೆ. ಕಿಡ್ನಿ ತೊಂದ್ರೆ ಇದ್ರೆ ಮಾತ್ರ ನಿಮ್ಮ ಡಾಕ್ಟ್ರನ್ನ ಕೇಳ್ದೆ ಪ್ರೋಟೀನ್ ಹೆಚ್ಚಿಸ್ಬೇಡಿ.

ಮೂರು ತಿಂಗಳು ಬಿಟ್ಟು ಟೆಸ್ಟ್ ಮಾಡ್ಸಿ. ಅಂದ್ಹಾಗೆ ಸಂಜೆ ಟೀ ಜೊತೆ ಏನ್ ತಿಂತೀರಿ ಅಂತ ಬರ್ದೇ ಇಲ್ವಲ್ಲ ನೀವು?